ಮುಗಿಲಿನಿಂದ ಕಾಣುವ ಹಳೆಯ ಎಲ್ಲೆ: ಮಂಡ್ಯ–ಮೈಸೂರು ಸೀಮೆಯಲ್ಲಿ ಮಧ್ಯಕಾಲದ ಹೊಲಗಡಿ ಹುಡುಕುವ ಬಗೆ

ನಾಗಮಂಗಲದ ಸೀಮೆಯ ದೇವರಹಳ್ಳಿಯಲ್ಲಿ ಸಿಕ್ಕ ತಾಮ್ರಪಟ ಗಂಗರ ದೊರೆ ಶ್ರೀಪುರುಷನದು, ಕ್ರಿ.ಶ. 776ರದ್ದು. ಪೊನ್ನಳ್ಳಿ ಎಂಬ ಊರನ್ನು ಒಂದು ಜಿನಾಲಯಕ್ಕೆ ಬಿಟ್ಟ ದಾನಪತ್ರ ಅದು. ದಾನದ ಮಾತೆಲ್ಲ ಸಂಸ್ಕೃತ. ಆದರೆ ಊರಿನ ಎಲ್ಲೆ ಹೇಳುವ ಹೊತ್ತು ಬಂದಾಗ ಬರೆದವನು ಕನ್ನಡಕ್ಕೆ ಇಳಿಯುತ್ತಾನೆ. ದಿಕ್ಕಿನ ಹೆಸರು ಸಂಸ್ಕೃತದಲ್ಲೇ ಉಳಿದರೂ ಮೊರಡಿ (ಕಲ್ಲುದಿಬ್ಬ), ಕೆರೆ, ಪಳ್ಳ (ಹಳ್ಳ), ಕೂಡಲು ಕನ್ನಡದಲ್ಲಿ ಬರುತ್ತವೆ. ಆ ಜಾಗಗಳನ್ನು ಊರಿನವರು ಕರೆಯುತ್ತಿದ್ದುದೇ ಹಾಗೆ. ಮೂಡಲ ಗುರುತು ‘ಬೆಳ್ಗಲ್ ಮೊರಡಿ’. ಬೆಳ್ಗಲ್ಲು ಎಂದರೆ ಬಿಳಿ ಕಲ್ಲು. ನಾಗಮಂಗಲದ ಕೆಂಪು ನೆಲದಲ್ಲಿ ಬೆಣಚುಕಲ್ಲಿನ ದಿಬ್ಬ ಹೇಗಿರುತ್ತದೆಂದು ನೋಡಿದವರಿಗೆ ಗೊತ್ತು. ಉಪಗ್ರಹ ಚಿತ್ರದಲ್ಲಿ ಅದು ಕೆಂಪು ಬಟ್ಟೆಯ ಮೇಲೆ ಸುಣ್ಣ ಚೆಲ್ಲಿದಂತೆ ಹೊಳೆಯುತ್ತದೆ.

ಆ ಸಾಲನ್ನು ಓದಿದ ದಿನದಿಂದ ನಾನು ಶಾಸನವನ್ನೂ ಆಕಾಶದ ಚಿತ್ರವನ್ನೂ ಬೇರೆಬೇರೆಯಾಗಿ ನೋಡಿಲ್ಲ. ವೈಮಾನಿಕ ಪುರಾತತ್ತ್ವ ಬೆಳೆದದ್ದು ಇಂಗ್ಲೆಂಡಿನಲ್ಲಿ. ಮೊದಲ ಮಹಾಯುದ್ಧದ ನಂತರ, 1920ರ ದಶಕದಲ್ಲಿ, ಓ.ಜಿ.ಎಸ್. ಕ್ರಾಫರ್ಡ್ ಎಂಬವರು ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಹಳೆಯ ಹೊಲಗಳ ಗೆರೆಗಳನ್ನು ಓದಿ ತೋರಿಸಿದರು. ಅಲ್ಲಿನ ಗೋಧಿ, ಬಾರ್ಲಿ, ಸುಣ್ಣದ ನೆಲಕ್ಕೆ ಹೊಂದುವ ಪಾಠಗಳು ನಮ್ಮ ರಾಗಿ ಹೊಲಕ್ಕೆ ಹಾಗೆಯೇ ಹೊಂದುವುದಿಲ್ಲ. ಆದರೆ ಅವರಿಗಿಲ್ಲದ ಒಂದು ಅನುಕೂಲ ನಮಗಿದೆ: ಎಲ್ಲೆಯನ್ನು ಬಾಯಿಬಿಟ್ಟು ಹೇಳುವ ಕಲ್ಲುಗಳು ನಮ್ಮ ಊರೂರಿನಲ್ಲಿ ನಿಂತಿವೆ. ಚಿತ್ರ, ಕಲ್ಲು, ಕಂದಾಯದ ನಕ್ಷೆ ಮೂರನ್ನೂ ಒಂದರ ಮೇಲೊಂದು ಇಟ್ಟು ನೋಡುವ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಬೇಕಾಗಿರುವುದು ಒಂದು ಸಾಧಾರಣ ಕಂಪ್ಯೂಟರ್, ಇಂಟರ್ನೆಟ್, ಒಂದು ವರ್ಷದ ತಾಳ್ಮೆ.

ಮೊದಲು ಊರು ಆರಿಸಿ, ತಾಲ್ಲೂಕಲ್ಲ

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಇಡೀ ಜಿಲ್ಲೆಯನ್ನು ಪರದೆಯ ಮೇಲೆ ತೆರೆದು ‘ಏನಾದರೂ ಕಾಣುತ್ತದೆಯೇ’ ಎಂದು ಹುಡುಕುವುದು. ಹಾಗೆ ಹುಡುಕಿದರೆ ಎಲ್ಲೆಲ್ಲೂ ಗೆರೆ ಕಾಣುತ್ತದೆ, ಯಾವುದಕ್ಕೂ ಅರ್ಥ ಇರುವುದಿಲ್ಲ. ಒಂದು ಕಂದಾಯ ಗ್ರಾಮವನ್ನು ಆರಿಸಿ. ಮೂರು ಲಕ್ಷಣ ನೋಡಿ: ಊರಿನಲ್ಲಿ ಭೂದಾನದ ಶಾಸನ ಇರಬೇಕು, ಹಳೆಯ ಕೆರೆ ಇರಬೇಕು, ಒಡೆದಿದ್ದರೂ ಸರಿ, ಬೇಸಾಯದ ಬಹುಪಾಲು ಮಳೆಯಾಶ್ರಿತವಾಗಿರಬೇಕು.

ಮೂರನೆಯದು ಮುಖ್ಯ. ಮಂಡ್ಯ ಎಂದರೆ ಕಬ್ಬು, ನಾಲೆ ನೀರು ಎಂದು ಹೊರಗಿನವರು ತಿಳಿದಿದ್ದಾರೆ. ವಿಶ್ವೇಶ್ವರಯ್ಯ ನಾಲೆ ಬಂದ ಕಡೆ ಹೊಲವನ್ನು ಗದ್ದೆ ಮಾಡಲು ನೆಲ ಮಟ್ಟ ಮಾಡಿದರು, ಹಳೆಯ ಏರುತಗ್ಗು ಅಳಿಸಿಹೋಯಿತು. ಆಳೆತ್ತರಕ್ಕೂ ಮೀರಿ ಬೆಳೆಯುವ ಕಬ್ಬು ನೆಲದ ಯಾವ ಗುಟ್ಟನ್ನೂ ಬಿಟ್ಟುಕೊಡುವುದಿಲ್ಲ. ಹಾಗಾಗಿ ಆರಂಭಕ್ಕೆ ನಾಗಮಂಗಲ, ಕೃಷ್ಣರಾಜಪೇಟೆಯ ಬಡಗಣ ಭಾಗ, ಮಳವಳ್ಳಿಯ ಒಣಭೂಮಿ, ಮೈಸೂರು ಜಿಲ್ಲೆಯಲ್ಲಿ ಹೆಗ್ಗಡದೇವನಕೋಟೆ, ನಂಜನಗೂಡಿನ ಮೇಲುನೆಲ ಒಳ್ಳೆಯವು. ಹೊಯ್ಸಳರ ಕಾಲದ ದೇಗುಲವಿರುವ ಊರಾದರೆ ಇನ್ನೂ ಒಳ್ಳೆಯದು. ಬಸರಾಳು, ಕಿಕ್ಕೇರಿ, ಹೊಸಹೊಳಲು, ಸೋಮನಾಥಪುರದಂಥ ಕಡೆ ದೇವಾಲಯ ಕಟ್ಟಿದವರು ಅದರ ಜೊತೆಗೆ ಭೂಮಿಯನ್ನೂ ಬಿಟ್ಟರು. ಬಿಟ್ಟ ಭೂಮಿಗೆ ಎಲ್ಲೆ ಬೇಕಿತ್ತು.

ಶಾಸನವನ್ನು ನಕ್ಷೆಯಂತೆ ಓದುವುದು

‘ಎಪಿಗ್ರಾಫಿಯಾ ಕರ್ನಾಟಿಕಾ’ದ ಪರಿಷ್ಕೃತ ಸಂಪುಟಗಳು ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯಿಂದ ಬಂದಿವೆ. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣ ತಾಲ್ಲೂಕುಗಳಿಗೆ 6ನೇ ಸಂಪುಟ. ನಾಗಮಂಗಲ, ಮಂಡ್ಯ, ಮದ್ದೂರು, ಮಳವಳ್ಳಿಗೆ 7ನೇ ಸಂಪುಟ. ನಿಮ್ಮ ಊರಿನ ಎಲ್ಲ ಶಾಸನಗಳನ್ನೂ ನಕಲು ಮಾಡಿಕೊಳ್ಳಿ. ಸುತ್ತಲ ಊರುಗಳದ್ದನ್ನೂ ಬಿಡಬೇಡಿ. ಒಂದು ಊರಿನ ಪಡುವಣ ಎಲ್ಲೆ ಇನ್ನೊಂದು ಊರಿನ ಮೂಡಣ ಎಲ್ಲೆ.

ಬಿರುದಾವಳಿ, ವಂಶಾವಳಿ, ಶಾಪಾಶಯ ಪಕ್ಕಕ್ಕಿಡಿ. ‘ಚತುಸ್ಸೀಮೆ’ ಎಂಬ ಮಾತು ಹುಡುಕಿ. ಅಲ್ಲಿಂದ ಮುಂದೆ ಸಾಮಾನ್ಯವಾಗಿ ಮೂಡಲಿನಿಂದ ಹೊರಟು ಆಗ್ನೇಯ, ತೆಂಕಲು, ನೈರುತ್ಯ, ಪಡುವಲು, ವಾಯವ್ಯ, ಬಡಗಲು ಸುತ್ತಿ ಈಶಾನ್ಯಕ್ಕೆ ಬಂದು ಕೂಡುತ್ತದೆ. ಎಲ್ಲೆ ಹಿಡಿದು ಸುತ್ತು ಬಂದವರ ನಡಿಗೆಯೇ ಅಕ್ಷರವಾದಂತಿರುತ್ತದೆ. ನೀವು ಒಂದು ಹಾಳೆಯಲ್ಲಿ ವೃತ್ತ ಬರೆದು ಎಂಟು ದಿಕ್ಕಿನಲ್ಲಿ ಆ ಗುರುತುಗಳನ್ನು ತುಂಬಿ. ನಟ್ಟ ಕಲ್ಲು, ಹುತ್ತ, ಹುಣಿಸೆ, ಆಲ, ಬಸರಿ, ಹಿರಿಯ ಬಟ್ಟೆ (ಬಟ್ಟೆ ಎಂದರೆ ಇಲ್ಲಿ ದಾರಿ), ಹಳ್ಳ, ಕೆರೆಯ ಕೋಡಿ, ಮೊರಡಿ ಹೀಗೆ. ಪ್ರತಿಯೊಂದರ ಎದುರು ಒಂದು ಪ್ರಶ್ನೆ ಬರೆಯಿರಿ: ಇದು ಇವತ್ತು ಮೇಲಿನಿಂದ ಕಾಣುವ ವಸ್ತುವೇ? ಮರ, ಹುತ್ತ ಹೋಗಿರುತ್ತವೆ. ಮೊರಡಿ, ಹಳ್ಳ, ಕೆರೆ ಏರಿ, ಬಟ್ಟೆ ಉಳಿದಿರುತ್ತವೆ. ಸರಿಯಾಗಿ ಗುರುತಿಸಿದ ಎರಡು ಗಟ್ಟಿ ಬಿಂದು ಸಿಕ್ಕರೆ ಸಾಕು, ಅವುಗಳ ನಡುವೆ ಗೆರೆ ಹುಡುಕಬಹುದು.

ಅಳತೆಯ ವಿಷಯದಲ್ಲಿ ಆತುರ ಬೇಡ. ಖಂಡುಗ, ಕೊಳಗ, ಸಲಗೆ ಎನ್ನುವಾಗ ಅನೇಕ ಕಡೆ ಹೇಳುತ್ತಿರುವುದು ಬಿತ್ತನೆಯ ಬೀಜದ ಅಳತೆ. 20 ಕೊಳಗಕ್ಕೆ ಒಂದು ಖಂಡುಗ. ಒಂದು ಖಂಡುಗ ಬಿತ್ತುವ ಗದ್ದೆಯೂ ಒಂದು ಖಂಡುಗ ಬಿತ್ತುವ ಬೆದ್ದಲೂ ಒಂದೇ ವಿಸ್ತೀರ್ಣವಲ್ಲ. ಕಂಬ ಎಂಬುದು ಗಳೆಯಿಂದ ಅಳೆದ ಲೆಕ್ಕ, ಗಳೆಯ ಉದ್ದವೂ ಊರಿಂದೂರಿಗೆ ಬೇರೆ. ಇದನ್ನೆಲ್ಲ ಎಕರೆಗೆ ತಿರುಗಿಸಿ ಚಿತ್ರದಲ್ಲಿ ಅಷ್ಟೇ ವಿಸ್ತಾರದ ಚೌಕ ಹುಡುಕಲು ಹೊರಟವರು ಕಳೆದುಕೊಂಡ ದಿನಗಳನ್ನು ನಾನು ಕಂಡಿದ್ದೇನೆ. ಗಾತ್ರವನ್ನು ಬಿಟ್ಟು ಸಂಬಂಧವನ್ನು ಹಿಡಿಯಿರಿ: ‘ಹಿರಿಯ ಕೆರೆಯ ಕೆಳಗೆ’, ‘ತೂಬಿನ ಮೊದಲಲ್ಲಿ’, ‘ಬಟ್ಟೆಯ ಬಡಗಲು’.

ಕಂದಾಯದ ಗ್ರಾಮ ನಕ್ಷೆ

ಮೈಸೂರು ಸಂಸ್ಥಾನದಲ್ಲಿ ಕಂದಾಯದ ಮೋಜಣಿ ಆರಂಭವಾದದ್ದು 1863ರಲ್ಲಿ. ಅದರಿಂದ ಬೆಳೆದು ಬಂದ ಗ್ರಾಮ ನಕ್ಷೆಗಳನ್ನು ಇವತ್ತು ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಊರಿನ ಹೆಸರು ಹಾಕಿ ಇಳಿಸಿಕೊಳ್ಳಬಹುದು. ನಿಂತ ಜಾಗದ ಸರ್ವೆ ನಂಬರ್ ತಿಳಿಯಲು ದಿಶಾಂಕ್ ಆ್ಯಪ್ ಇದೆ. ನಕ್ಷೆಯ ಜೊತೆಗೆ ಸಾಧ್ಯವಾದರೆ ಹಳೆಯ ಟಿಪ್ಪಣಿ, ಆಕಾರ್ ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ, ಕಂದಾಯದ ಪಟ್ಟಿ) ನಕಲು ಪಡೆಯಿರಿ. ಟಿಪ್ಪಣಿಯಲ್ಲಿ ಸರಪಳಿ ಹಿಡಿದು ಅಳೆದವರ ಮೂಲ ಅಂಕಿಗಳಿವೆ.

ನಕ್ಷೆಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಒಳಗಿನ ಸರ್ವೆ ನಂಬರುಗಳಲ್ಲ, ಊರಿನ ಹೊರಗಡಿ. ಹೊಲದ ಒಳಗಿನ ಬದು ಅಣ್ಣತಮ್ಮಂದಿರು ಪಾಲಾದಾಗಲೆಲ್ಲ ಬದಲಾಗುತ್ತದೆ. ಊರಗಡಿ ಹಾಗೆ ಬದಲಾಗುವುದಿಲ್ಲ, ಅದಕ್ಕೆ ಎರಡೂ ಊರಿನವರು ಕಾವಲಿದ್ದಾರೆ. ಮೂರು ಊರಿನ ಗಡಿ ಕೂಡುವ ಮುಗ್ಗುಡ್ಡೆಗಳನ್ನು ಗುರುತು ಹಾಕಿಕೊಳ್ಳಿ. ಶಾಸನದ ಕಲ್ಲು ಇನ್ನೂ ತನ್ನ ಜಾಗದಲ್ಲೇ ಉಳಿದಿದ್ದರೆ ಅಂಥ ಕಡೆ ಉಳಿದಿರುವ ಸಂಭವ ಹೆಚ್ಚು. ನಕ್ಷೆಯಲ್ಲಿ ಬೇಚರಾಕ್ ಗ್ರಾಮಗಳಿದ್ದರೆ ಅವು ಚಿನ್ನ. ಜನ ಬಿಟ್ಟುಹೋಗಿ ಎಷ್ಟೋ ಕಾಲವಾದರೂ ಆ ಊರಿನ ಹೆಸರು, ಗಡಿ, ಸರ್ವೆ ನಂಬರಿನ ಸರಣಿ ಕಂದಾಯ ದಾಖಲೆಯಲ್ಲಿ ಜೀವಂತವಾಗಿರುತ್ತವೆ. ಶಾಸನದಲ್ಲಿ ಕಾಣುವ, ಇಂದು ಯಾರೂ ವಾಸವಿಲ್ಲದ ಊರು ಅಲ್ಲೇ ಅಡಗಿರಬಹುದು.

ಖರಾಬು ಜಮೀನನ್ನೂ ನೋಡಿ. ಬಂಡಿದಾರಿ, ಹಳ್ಳ, ಕಟ್ಟೆ, ಗುಂಡುತೋಪು ಎಂದು ಬಿಟ್ಟ ತುಂಡುಗಳು ಉತ್ತವರ ನೇಗಿಲಿಗೆ ಸಿಗದೆ ಉಳಿದ ನೆಲ.

ಯಾವ ಚಿತ್ರ, ಯಾವ ತಿಂಗಳದ್ದು

ಗೂಗಲ್ ಅರ್ಥ್ ಪ್ರೊ ಉಚಿತ. ಅದರಲ್ಲಿ ಗಡಿಯಾರದ ಗುರುತು ಒತ್ತಿದರೆ ಒಂದೇ ಜಾಗದ ಹಲವು ವರ್ಷಗಳ ಚಿತ್ರ ಬರುತ್ತದೆ. ಇದೇ ನಿಮ್ಮ ಮುಖ್ಯ ಆಯುಧ. ಇಸ್ರೋದ ಭುವನ್ ಜಾಲತಾಣದಲ್ಲಿ ಕಾರ್ಟೊಸ್ಯಾಟ್ ಆಧಾರಿತ ಎತ್ತರದ ಮಾಹಿತಿ ಸಿಗುತ್ತದೆ. ಕಣಿವೆ, ಕೆರೆಸಾಲು ತಿಳಿಯಲು ಅದು ಸಾಕು, ಬದು ನೋಡಲು ಸಾಲದು. ಯುರೋಪಿನ ಸೆಂಟಿನೆಲ್–2 ಉಪಗ್ರಹಗಳ ಚಿತ್ರ ಐದು ದಿನಕ್ಕೊಮ್ಮೆ ಉಚಿತವಾಗಿ ಬರುತ್ತದೆ. ಆದರೆ ಅದರ ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್. ಒಂದು ಬದು ಅದರಲ್ಲಿ ಕಾಣದು. ಒಡೆದುಹೋದ ಕೆರೆಯ ಹಳೆಯ ಅಂಗಳ, ತೇವ ಹಿಡಿದ ಹೂತ ಹಳ್ಳ ಕಾಣುತ್ತವೆ.

ಎಲ್ಲಕ್ಕಿಂತ ಬೆಲೆಯುಳ್ಳವು ಅಮೆರಿಕದ ಕೊರೋನಾ ಬೇಹು ಉಪಗ್ರಹದ ಚಿತ್ರಗಳು. 1960ರಿಂದ 1972ರವರೆಗೆ ಫಿಲ್ಮಿನಲ್ಲಿ ತೆಗೆದ ಇವನ್ನು 1995ರಲ್ಲಿ ಬಹಿರಂಗ ಮಾಡಿದರು. ಕೊನೆಯ ಸರಣಿಯ ಚಿತ್ರಗಳಲ್ಲಿ ಸುಮಾರು 2 ಮೀಟರ್ ಗಾತ್ರದ ವಿವರ ಕಾಣುತ್ತದೆ. ಅಮೆರಿಕದ ಭೂಸರ್ವೇಕ್ಷಣಾ ಸಂಸ್ಥೆಯ ಅರ್ಥ್‌ಎಕ್ಸ್‌ಪ್ಲೋರರ್ ತಾಣದಲ್ಲಿ ನಿಮ್ಮ ಊರಿನ ಮೇಲೆ ಚೌಕ ಎಳೆದು ಹುಡುಕಿ. ಯಾರಾದರೂ ಮೊದಲೇ ಸ್ಕ್ಯಾನ್ ಮಾಡಿಸಿದ್ದರೆ ಪುಕ್ಕಟೆ, ಇಲ್ಲದಿದ್ದರೆ ಶುಲ್ಕ. ಮೋಡವಿಲ್ಲದ ಒಂದು ಚೌಕಟ್ಟು ಸಿಕ್ಕರೂ ಸಾಕು: ಜೆಸಿಬಿ, ಕೊಳವೆಬಾವಿ ಊರು ತಲುಪುವ ಮೊದಲಿನ ನೆಲ ಅದು. ಮೈಸೂರಿನ ಹಿನಕಲ್, ಬೋಗಾದಿ ಕಡೆಯವರಿಗೆ ಇದನ್ನು ಒತ್ತಿ ಹೇಳುತ್ತೇನೆ. ಇವತ್ತು ಬಡಾವಣೆಯಾಗಿರುವ ನಿಮ್ಮ ನೆಲ ಆಗ ಹೊಲವಾಗಿತ್ತು.

ಇನ್ನು ಕಾಲ. ನಮ್ಮ ಸೀಮೆಯಲ್ಲಿ ವರ್ಷಕ್ಕೆ ಮೂರು ಕಿಟಕಿ ತೆರೆಯುತ್ತವೆ.

ಮೊದಲನೆಯದು ಮುಂಗಾರಿನ ಮೊದಲ ಉಳುಮೆ, ಏಪ್ರಿಲ್–ಮೇ. ಭರಣಿ ಮಳೆ ಬಿದ್ದು ನೇಗಿಲು ಆಡಿದಾಗ ಮಣ್ಣಿನ ಬಣ್ಣ ಬಯಲಾಗುತ್ತದೆ. ಹಳೆಯ ಬದು ಒಡೆದ ಜಾಗ ಪೇಲವ ಪಟ್ಟೆಯಾಗಿಯೂ ಮುಚ್ಚಿಹೋದ ಕಾಲುವೆ ಕಪ್ಪು ಪಟ್ಟೆಯಾಗಿಯೂ ಕಾಣುತ್ತದೆ. ಹಾಳೂರಿನ ಬೂದಿಮಣ್ಣು ಕೆಂಪು ನೆಲದ ನಡುವೆ ಬೂದು ಕಲೆಯಾಗಿ ಎದ್ದು ಬರುತ್ತದೆ. ಎರಡನೆಯದು ರಾಗಿ ಎದ್ದು ನಿಂತ ಮೇಲೆ ಮಳೆ ಕೈಕೊಟ್ಟಾಗ, ಆಗಸ್ಟ್–ಸೆಪ್ಟೆಂಬರ್. ಮಖೆ, ಹುಬ್ಬೆ ಮಳೆ ಹಿಂದೆಗೆದ ವರ್ಷ ರೈತನಿಗೆ ಕಷ್ಟದ ವರ್ಷ, ಆದರೆ ನೆಲದಡಿಯ ಗೆರೆ ಬೆಳೆಯಲ್ಲಿ ಮೂಡುವುದು ಆಗಲೇ. ಮೂರನೆಯದು ಕೊಯ್ಲಿನ ನಂತರ, ಡಿಸೆಂಬರ್–ಜನವರಿ. ಸೂರ್ಯ ತಗ್ಗಿರುವಾಗ ಬದುವಿನ ನೆರಳು ಉದ್ದ ಬೀಳುತ್ತದೆ. ನಮ್ಮದು ಸುಮಾರು 12.5 ಡಿಗ್ರಿ ಅಕ್ಷಾಂಶ. ಡಿಸೆಂಬರ್ 21ರ ನಡುಹಗಲಲ್ಲೂ ಸೂರ್ಯ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯ ಭಾಗದಲ್ಲಿ ನೆತ್ತಿಯ ಮೇಲೇ ಬರುತ್ತಾನೆ. ಇಂಗ್ಲೆಂಡಿನವರಿಗೆ ಸಿಗುವ ನೆರಳು ನಮಗೆ ಸಿಗದು. ಬೆಳಿಗ್ಗೆ ಹತ್ತೂವರೆಗೆ ಹಾದುಹೋಗುವ ಉಪಗ್ರಹಕ್ಕಿಂತ ಏಳು ಗಂಟೆಗೆ ಬೆಟ್ಟ ಹತ್ತಿದ ನಿಮ್ಮ ಕಣ್ಣು ಈ ಕೆಲಸಕ್ಕೆ ಮೇಲು. ಕುಂತಿಬೆಟ್ಟ, ಮೇಲುಕೋಟೆಯ ಬೆಟ್ಟಗಳ ಮೇಲಿಂದ ಚಳಿಗಾಲದ ಬೆಳಗಿನಲ್ಲಿ ಕೆಳಗಿನ ಬಯಲು ನೋಡಿ. ಬೇರೆ ಹೊತ್ತಿನಲ್ಲಿ ಇಲ್ಲದ ಮೆಟ್ಟಿಲುಗಳು ಇಳಿಜಾರಿನಲ್ಲಿ ಮೂಡಿರುತ್ತವೆ.

ನಕ್ಷೆಯನ್ನು ಚಿತ್ರದ ಮೇಲೆ ಕೂರಿಸುವುದು

ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಯೋಜನೆಯ ನಿರ್ದೇಶಾಂಕ ಪದ್ಧತಿ ಯುಟಿಎಂ 43 ಉತ್ತರ, ಅಂದರೆ ಇಪಿಎಸ್‌ಜಿ 32643. ಗ್ರಾಮ ನಕ್ಷೆಯನ್ನು ಜಿಯೋರೆಫರೆನ್ಸರ್‌ನಲ್ಲಿ ತೆರೆದು ಎಂಟು–ಹತ್ತು ಬಿಂದು ಕೊಡಿ. ಹಳೆಯ ದೇವಾಲಯ, ಏರಿಯ ತುದಿ, ಹಳ್ಳಗಳ ಕೂಡಲು, ಕಲ್ಲು ಉಳಿದಿರುವ ಮುಗ್ಗುಡ್ಡೆ ಒಳ್ಳೆಯ ಬಿಂದುಗಳು. ಅಗಲವಾದ ಹೊಸ ರಸ್ತೆಯ ತಿರುವು ಬೇಡ. ಮೊದಲ ದರ್ಜೆಯ ಪರಿವರ್ತನೆಯಿಂದ ಆರಂಭಿಸಿ, ಪ್ರತಿ ಬಿಂದುವಿನ ದೋಷ ನೋಡಿ. ಸುಮಾರು 10 ಮೀಟರಿನೊಳಗೆ ಬಂದರೆ ಮುಂದುವರಿಯಿರಿ. ‘ಥಿನ್ ಪ್ಲೇಟ್ ಸ್ಪ್ಲೈನ್’ ಎಂಬ ಆಯ್ಕೆ ದೋಷವೇ ಇಲ್ಲವೆಂದು ತೋರಿಸುತ್ತದೆ, ಏಕೆಂದರೆ ಅದು ನಿಮ್ಮ ಬಿಂದುಗಳಿಗೆ ತಕ್ಕಂತೆ ನಕ್ಷೆಯನ್ನೇ ಎಳೆದು ಬಗ್ಗಿಸುತ್ತದೆ. ತಪ್ಪು ಬಿಂದುವನ್ನೂ ಅದು ಸರಿ ಎನ್ನುತ್ತದೆ.

ಸರ್ವೆ ಆಫ್ ಇಂಡಿಯಾದ ಹಳೆಯ ನಕ್ಷೆಗಳಲ್ಲಿ ಈ ಸೀಮೆಯ ಬಹುಪಾಲು 57ಡಿ ಸರಣಿಯಲ್ಲಿದೆ. ಮಳವಳ್ಳಿ, ತಲಕಾಡು 77 ಡಿಗ್ರಿ ರೇಖಾಂಶ ದಾಟುವುದರಿಂದ 57ಹೆಚ್‌ನಲ್ಲಿ ನೋಡಬೇಕು.

ಗುರುತು ಯಾವುದು, ಮೋಸ ಯಾವುದು

ಮುಚ್ಚಿಹೋದ ಕಾಲುವೆಯಲ್ಲಿ ಮೆತ್ತನೆ ಮಣ್ಣು ಆಳಕ್ಕಿರುತ್ತದೆ, ತೇವ ಹಿಡಿಯುತ್ತದೆ. ಅದರ ಮೇಲಿನ ರಾಗಿ ಸುತ್ತಲಿನದು ಬಾಡಿದಾಗಲೂ ಹಸಿರಾಗಿರುತ್ತದೆ. ಕಲ್ಲುಕಟ್ಟೆಯ ತಳಪಾಯ ಹೂತ ಕಡೆ ಬೇರಿಗೆ ಆಳವಿಲ್ಲ, ಪೈರು ಬೇಗ ಹಳದಿಯಾಗುತ್ತದೆ. ತತ್ತ್ವ ಇಷ್ಟೇ. ಇದನ್ನು ಕಲಿಯುವುದು ಒಂದು ಸಂಜೆಯ ಕೆಲಸ. ಯಾವುದು ಅಲ್ಲ ಎಂದು ಕಲಿಯಲು ವರ್ಷ ಬೇಕು.

ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇರುತ್ತದೆ. ಅವರೆ, ಜೋಳ, ಹುಚ್ಚೆಳ್ಳನ್ನು ರಾಗಿಯ ನಡುವೆ ಅಳೆದಿಟ್ಟಂತೆ ಸಾಲಾಗಿ ಬಿತ್ತುತ್ತಾರೆ. ಮೇಲಿನಿಂದ ಅವು ಸಮಾನಾಂತರ ಹಳೆಯ ಗೆರೆಗಳೆಂಬ ಭ್ರಮೆ ಹುಟ್ಟಿಸುತ್ತವೆ. ಮುಂದಿನ ವರ್ಷದ ಚಿತ್ರದಲ್ಲಿ ಅವು ಜಾಗ ಬದಲಿಸಿರುತ್ತವೆ. ಕುರಿಮಂದೆ ತಂಗಿದ ಜಾಗ ಎರಡು ವರ್ಷದವರೆಗೂ ಹಸಿರು ಚೌಕವಾಗಿ ಕಾಣಬಹುದು. ಗೊಬ್ಬರದ ಗುಡ್ಡೆ ಹಾಕಿದ ಕಡೆ ಸಾಲುಸಾಲು ಹಸಿರು ಚುಕ್ಕೆ. ಕಣ ಮಾಡಿದ ಜಾಗ ದುಂಡಗೆ ಬೋಳಾಗಿರುತ್ತದೆ. ಶ್ರೀರಂಗಪಟ್ಟಣದ ಸುತ್ತ ನೆಲದಡಿಯಿಂದ ಎದ್ದುಬಂದ ಡೈಕು ಕಲ್ಲಿನ ಗೋಡೆಗಳಿವೆ. ಅವು ಹೊಲ, ಊರು ಯಾವುದನ್ನೂ ಲೆಕ್ಕಿಸದೆ ನೇರ ಹೋಗುತ್ತವೆ. ಕತ್ತಾಳೆ, ಪಾಪಾಸುಕಳ್ಳಿಯ ಬೇಲಿ ಎಷ್ಟೇ ಹಳೆಯದಾಗಿ ಕಂಡರೂ ಆ ಗಿಡಗಳು ಅಮೆರಿಕದಿಂದ ಬಂದವು, ಹೊಯ್ಸಳರು ಅವನ್ನು ಕಂಡಿರಲಿಲ್ಲ. ಬೇಲಿಯ ಕೆಳಗಿನ ಏರು ಹಳೆಯದಿರಬಹುದು, ಬೇಲಿ ಸಾಕ್ಷಿಯಲ್ಲ.

ಮದ್ದೂರು ಕಡೆಯ ಒಂದು ಗೆರೆಯನ್ನು ನಾನು ಮೂರು ತಿಂಗಳು ಹಿಂಬಾಲಿಸಿದೆ. ನಾಲ್ಕು ಊರು ದಾಟಿ, ಬೆಳೆ ಯಾವುದಾದರೂ ಹಸಿರಾಗಿ ಸಾಗುತ್ತಿತ್ತು. ಒಬ್ಬ ಹಿರಿಯ ರೈತರು ನನ್ನ ಮುದ್ರಿತ ಚಿತ್ರ ನೋಡಿ, ಇದು ಕುಡಿಯುವ ನೀರಿನ ಪೈಪು ಹೂಳಿದ ಸಾಲು, ನಮ್ಮ ಹೊಲದಲ್ಲೇ ಅಗೆದರು ಎಂದರು. ಅಂದಿನಿಂದ ನನ್ನದೊಂದು ನಿಯಮ: ಕನಿಷ್ಠ ಮೂರು ಬೇರೆ ವರ್ಷ, ಎರಡು ಬೇರೆ ಋತುವಿನ ಚಿತ್ರದಲ್ಲಿ ಕಾಣದ ಗೆರೆಯನ್ನು ನಕ್ಷೆಗೆ ಏರಿಸುವುದಿಲ್ಲ. ಕೊರೋನಾ ಚಿತ್ರದಲ್ಲೂ ಇದ್ದರೆ ಪೈಪಿನ ಅನುಮಾನ ಬಹುಮಟ್ಟಿಗೆ ಹೋಗುತ್ತದೆ.

ಸಿಪ್ಪೆ ಸುಲಿಯುವುದು

ಇಲ್ಲಿಂದ ನಿಜವಾದ ಕೆಲಸ. ಚಿತ್ರದಲ್ಲಿ ಕಂಡ ಗೆರೆಗೆ ವಯಸ್ಸು ಬರೆದಿರುವುದಿಲ್ಲ. ಯಾವ ಗೆರೆ ಯಾವುದನ್ನು ಕತ್ತರಿಸಿದೆ ಎಂಬುದೊಂದೇ ದಾರಿ. ಹೊಸದು ಹಳೆಯದನ್ನು ಕತ್ತರಿಸುತ್ತದೆ, ಹಳೆಯದು ಹೊಸದರ ಎರಡೂ ಕಡೆ ಮುಂದುವರಿಯುತ್ತದೆ.

ನಮ್ಮ ಸೀಮೆಯಲ್ಲಿ ಕಾಲ ಗೊತ್ತಿರುವ ದೊಡ್ಡ ಗೆರೆಗಳಿರುವುದು ಅದೃಷ್ಟ. ವಿಶ್ವೇಶ್ವರಯ್ಯ ನಾಲೆ ಕನ್ನಂಬಾಡಿ ಕಟ್ಟೆಯ ಕಾಲದ್ದು. ಕಟ್ಟೆಯ ಕೆಲಸ ಶುರುವಾದದ್ದು 1911ರಲ್ಲಿ. ಬೆಂಗಳೂರು–ಮೈಸೂರು ರೈಲುಹಳಿ 1880ರ ದಶಕದ ಆರಂಭದ್ದು. ಚಿಕ್ಕದೇವರಾಯ ಸಾಗರ ನಾಲೆ 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಹೆಸರಿನದು. ಈ ಮೂರನ್ನೂ ಬೇರೆಬೇರೆ ಪದರದಲ್ಲಿ ಎಳೆದುಕೊಳ್ಳಿ. ರೈಲುಹಳಿಯ ಈ ಬದಿಯಲ್ಲಿ ನಿಂತ ಬದು ಆ ಬದಿಯಲ್ಲಿ ಅದೇ ನೇರದಲ್ಲಿ ಮತ್ತೆ ಎದ್ದರೆ ಅದು ಹಳಿಗಿಂತ ಹಿಂದಿನದು. ಚಿಕ್ಕದೇವರಾಜರ ನಾಲೆಯನ್ನು ಹೀಗೆ ದಾಟಿ ಹೋಗುವ ಗೆರೆ ಸಿಕ್ಕರೆ, ಅದು 17ನೇ ಶತಮಾನದ ಕೊನೆಗಿಂತ ಹಳೆಯದೆನ್ನಲು ಆಧಾರವಾಯಿತು. ಮಧ್ಯಕಾಲದ ಬಾಗಿಲಿಗೆ ಬಂದಿರಿ.

ಪಾಲಿನ ಗೆರೆಗಳನ್ನು ಮೊದಲು ತೆಗೆಯಿರಿ. ಒಂದೇ ಸರ್ವೆ ನಂಬರಿನೊಳಗೆ ಕಿರಿದಾದ, ಸಮಾನಾಂತರ ಪಟ್ಟಿಗಳು ಹಿಸ್ಸಾಗಳು. ಎರಡನೆಯದಾಗಿ ಮೋಜಣಿಯ ಗೆರೆ. ನಮ್ಮ ಗುಂಟೆ ಎಂದರೆ 33 ಅಡಿ ಚೌಕ, ಎಕರೆಗೆ 40 ಗುಂಟೆ. ಲಂಬಕೋನದಲ್ಲಿ ತಿರುಗುವ, 33 ಅಡಿಯ ಪೂರ್ಣ ಗುಣಕಕ್ಕೆ ಹೊಂದುವ ನೇರಗೆರೆ ಕಂಡರೆ ಸರಪಳಿಯ ಕೆಲಸವೆಂದು ಅನುಮಾನಿಸಿ. ಇವೆರಡನ್ನೂ ತೆಗೆದ ಮೇಲೆ ಉಳಿಯುವುದು ಬಾಗಿ ಬಳುಕುವ ಕೆಲವೇ ಉದ್ದ ಗೆರೆಗಳು. ಅವು ಹಲವು ಸರ್ವೆ ನಂಬರುಗಳ ಅಂಚನ್ನು ಒಂದಾದಮೇಲೊಂದು ಹಿಡಿದು ಸಾಗುತ್ತವೆ. ದಿಬ್ಬದಿಂದ ದಿಬ್ಬಕ್ಕೆ, ಹಳ್ಳದಿಂದ ಕೆರೆ ಕೋಡಿಗೆ ಹೋಗುತ್ತವೆ. ಬಂಡಿದಾರಿ ಅವುಗಳ ಪಕ್ಕದಲ್ಲೇ ನಡೆಯುತ್ತದೆ. ಶಾಸನ ಓದಿ ನೀವು ಬರೆದ ಎಂಟು ದಿಕ್ಕಿನ ವೃತ್ತವನ್ನು ಈಗ ಹೊರತೆಗೆಯಿರಿ. ಹೆಸರು ಉಳಿದ ಒಂದು ಕೆರೆ, ಒಂದು ಮೊರಡಿ ಆ ಉದ್ದ ಗೆರೆಯ ಮೇಲೆ ಬಂದು ಕೂತರೆ ನಿಮ್ಮ ಕೈ ನಡುಗುತ್ತದೆ. ನನಗೆ ನಡುಗಿತ್ತು.

ಕನ್ನಂಬಾಡಿಯ ಹಿನ್ನೀರಿನ ಬಗ್ಗೆ ಒಂದು ಮಾತು. ಕೃಷ್ಣರಾಜಸಾಗರದ ಪೂರ್ಣ ಮಟ್ಟ 124.80 ಅಡಿ. ಬರದ ವರ್ಷಗಳಲ್ಲಿ ನೀರು ತೀರ ಇಳಿದಾಗ ಮುಳುಗಿದ ಊರುಗಳ ನೆಲ ಬಯಲಾಗುತ್ತದೆ. ಹಳೆಯ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯ ಹಾಗೆ ಮೇಲೆದ್ದದ್ದನ್ನು ಹಿರಿಯರು ನೆನೆಯುತ್ತಾರೆ. ಈಗ ಆ ದೇವಾಲಯವನ್ನು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಕಟ್ಟಲಾಗಿದೆ. ಆ ನೆಲದ ಬದುಗಳಿಗೆ ಟ್ರ್ಯಾಕ್ಟರು, ಲೇಔಟು ಯಾವುದೂ ತಾಗಿಲ್ಲ. ಹೂಳು ಮುಚ್ಚಿರುತ್ತದೆ, ಇಳಿದ ನೀರಿನ ಅಂಚಿನಲ್ಲಿ ಬೆಳೆ ಇಡುವವರೂ ಇದ್ದಾರೆ. ಆದರೂ ಬೇಸಿಗೆಯ ಹಳೆಯ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡುವುದು ವ್ಯರ್ಥವಲ್ಲ. ಇದನ್ನು ಪರದೆಯ ಮೇಲಷ್ಟೇ ಮಾಡಿ. ಅಣೆಕಟ್ಟಿನ ಸುತ್ತಮುತ್ತ ಭದ್ರತೆಯ ಪ್ರದೇಶ.

ಕೆರೆ ಕೆಳಗಿನ ಬಯಲು

ಒಣ ಹೊಲಕ್ಕಿಂತ ಗದ್ದೆಯ ಗೆರೆ ಹೆಚ್ಚು ಮೊಂಡು. ನೀರು ಹರಿಯುವ ದಾರಿ ಬದಲಾಗದಿದ್ದರೆ ಗದ್ದೆಯ ತೆವರಿ ಬದಲಾಗುವುದಿಲ್ಲ. ಏರಿಯಿಂದ ತೂಬು, ತೂಬಿನಿಂದ ಕಾಲುವೆ, ಕಾಲುವೆಯಿಂದ ಬೀಸಣಿಗೆ ಬಿಚ್ಚಿದಂತೆ ಗದ್ದೆಗಳು. ಹಾಗೆ ಹರಡಿದ ಅಚ್ಚುಕಟ್ಟಿನಲ್ಲಿ ಮೇಲುಗದ್ದೆಗಳು ಮೊದಲು, ಕೆಳಗದ್ದೆಗಳು ಕೆರೆ ದೊಡ್ಡದಾದಾಗ ಸೇರಿಕೊಂಡವು ಎಂದು ಊಹಿಸಿ ಪರೀಕ್ಷಿಸಿ. ಏರಿ ಎತ್ತರಿಸಿದ ಗುರುತು ಕಂಡರೆ, ಕೋಡಿ ಜಾಗ ಬದಲಿಸಿದ್ದರೆ ಊಹೆಗೆ ಬಲ ಬರುತ್ತದೆ. ಕೆರೆ ಕಟ್ಟಿದವರಿಗೆ, ಉಳಿಸಿದವರಿಗೆ ಬಿಟ್ಟ ಕಟ್ಟುಕೊಡಗೆ, ಬಿತ್ತುವಟ್ಟ ಎಂಬ ಭೂಮಿಗಳನ್ನು ಶಾಸನಗಳು ಹೇಳುತ್ತವೆ. ಅವು ಏರಿಯ ಹತ್ತಿರವೇ ಇರುವುದುಂಟು.

ಊರಿನ ನೀರುಗಂಟಿ ಮನೆತನದವರು ಇನ್ನೂ ಇದ್ದರೆ ಅವರ ಜೊತೆ ಒಂದು ದಿನ ನಡೆಯಿರಿ. ಗದ್ದೆಬಯಲುಗಳ ಹೆಸರು ಪಹಣಿಯಲ್ಲಿಲ್ಲ, ಅವರ ನಾಲಿಗೆಯ ಮೇಲಿದೆ. ‘ದೇವರ ಮಾನ್ಯ’, ‘ಬ್ರಹ್ಮಪುರಿ’, ‘ಅಗ್ರಹಾರದ ಬಯಲು’, ‘ಬಸದಿ ಗದ್ದೆ’ ಎಂಬಂಥ ಹೆಸರು ಬಂದರೆ ತಕ್ಷಣ ಜಾಗದ ಸಮೇತ ಗುರುತು ಹಾಕಿ. ಅಂಥ ಹೆಸರನ್ನು ಕೇಳಿ ಬರೆದುಕೊಂಡ ದಿನಗಳು ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯ. ಹೇಳುವವರು ವಯಸ್ಸಾದವರು. ನಕ್ಷೆ ಕಾಯುತ್ತದೆ, ಅವರು ಕಾಯುವುದಿಲ್ಲ. ಕ್ರಮ ತಪ್ಪಿದರೂ ಸರಿ, ಈ ಹೆಜ್ಜೆಯನ್ನು ಮೊದಲು ಮಾಡಿ.

ನೆಲಕ್ಕೆ ಇಳಿಯುವಾಗ

ಯಾರ ಹೊಲಕ್ಕೂ ಕೇಳದೆ ಕಾಲಿಡಬೇಡಿ. ನಕ್ಷೆ ಹಿಡಿದು ಬಂದ ಅಪರಿಚಿತನನ್ನು ಕಂಡರೆ ಊರಿನವರಿಗೆ ಎರಡು ಭಯ: ರಸ್ತೆಗೆ ಜಮೀನು ಹೋಗುತ್ತದೆ, ಇಲ್ಲವೇ ನಿಧಿಗಳ್ಳ ಬಂದ. ಎರಡೂ ಆಧಾರವಿಲ್ಲದ ಭಯಗಳಲ್ಲ. ಗ್ರಾಮ ಪಂಚಾಯಿತಿಗೆ ಮೊದಲೇ ತಿಳಿಸಿ, ಚಿತ್ರವನ್ನು ಅರಳಿಕಟ್ಟೆಯ ಮೇಲೆ ಹಾಸಿ ಎಲ್ಲರಿಗೂ ತೋರಿಸಿ. ತಮ್ಮ ಹೊಲವನ್ನು ಮೇಲಿನಿಂದ ಕಂಡವರು ತಾವೇ ಮಾತು ಶುರು ಮಾಡುತ್ತಾರೆ. ಇಬ್ಬರ ನಡುವೆ ಬದುವಿನ ವ್ಯಾಜ್ಯ ಇದ್ದರೆ ನಿಮ್ಮ ನಕ್ಷೆ ಅದಕ್ಕೆ ದಾಖಲೆಯಲ್ಲ ಎಂದು ಅಲ್ಲೇ ಸ್ಪಷ್ಟವಾಗಿ ಹೇಳಿ.

ಗೆರೆಯ ಮೇಲೆ ನಡೆಯುವಾಗ ಎರಡು ಬದಿಯ ಮಟ್ಟ ಅಳೆಯಿರಿ. ಇಳಿಜಾರಿನಲ್ಲಿ ಶತಮಾನಗಟ್ಟಲೆ ಉತ್ತರೆ ಮೇಲುಗಡೆಯ ಮಣ್ಣು ಬದುವಿಗೆ ಬಂದು ನಿಂತು ಕೆಳಗಡೆ ಮೆಟ್ಟಿಲಾಗುತ್ತದೆ. ಆಳೆತ್ತರದ ಮೆಟ್ಟಿಲು ಒಂದೆರಡು ತಲೆಮಾರಿನದಲ್ಲ. ಕಲ್ಲುಗಳನ್ನು ನೋಡಿ: ಲಿಂಗಮುದ್ರೆ ಇದ್ದರೆ ಶಿವಾಲಯದ ಭೂಮಿ, ಕಮಂಡಲ–ಛತ್ರಿ ಹಿಡಿದ ವಾಮನಮುದ್ರೆ ಇದ್ದರೆ ಸಾಮಾನ್ಯವಾಗಿ ಬ್ರಾಹ್ಮಣರಿಗೋ ವಿಷ್ಣುದೇವಾಲಯಕ್ಕೋ ಬಿಟ್ಟ ಭೂಮಿ, ಮುಕ್ಕೊಡೆ ಇದ್ದರೆ ಬಸದಿಯದು. ಕಲ್ಲನ್ನು ಅಲುಗಿಸಬೇಡಿ, ಸುಣ್ಣ ಬಳಿಯಬೇಡಿ. ಫೋಟೋ, ಅಳತೆ, ಜಿಪಿಎಸ್ ಬಿಂದು ಸಾಕು. ಕಲ್ಲು ಜಾಗ ಬದಲಿಸಿರಬಹುದು. ಬಟ್ಟೆ ಒಗೆಯುವ ಕಲ್ಲಾಗಿ, ಮೋರಿಯ ಚಪ್ಪಡಿಯಾಗಿ ಬಂದಿದ್ದನ್ನು ಅದರ ಮೂಲ ಜಾಗವೆಂದು ತಿಳಿಯಬಾರದು.

ಅಗೆಯುವಂತಿಲ್ಲ. ಒಂದು ಗುದ್ದಲಿ ಏಟೂ ಬೇಡ. ಅನುಮತಿಯಿಲ್ಲದ ಉತ್ಖನನ ಕಾನೂನಿಗೆ ವಿರುದ್ಧ. ಏನಾದರೂ ಮೇಲೆದ್ದು ಕಂಡರೆ ರಾಜ್ಯ ಪುರಾತತ್ತ್ವ ಇಲಾಖೆಗೆ ತಿಳಿಸಿ. ಅದರ ಕೇಂದ್ರ ಕಚೇರಿ ಮೈಸೂರಿನಲ್ಲೇ ಇದೆ.

ಡ್ರೋನ್ ಬೇಕೇ

ಕೊನೆಗೆ ಬೇಕಾಗಬಹುದು, ಮೊದಲಿಗೆ ಬೇಡ. 2021ರ ಡ್ರೋನ್ ನಿಯಮಗಳ ಪ್ರಕಾರ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯ ನೋಡಿಕೊಳ್ಳಬೇಕು. ಹಸಿರಿನಲ್ಲಿ 120 ಮೀಟರ್ ಎತ್ತರದವರೆಗೆ ಹಾರಿಸಬಹುದು. 250 ಗ್ರಾಂ ಒಳಗಿನ ನ್ಯಾನೋ ಡ್ರೋನಿಗೆ ಪೈಲಟ್ ಪರವಾನಗಿ ಬೇಡ. ಮಂಡಕಳ್ಳಿ ವಿಮಾನ ನಿಲ್ದಾಣದ ಸುತ್ತ, ಅಣೆಕಟ್ಟಿನ ಹತ್ತಿರ, ಸಂರಕ್ಷಿತ ಸ್ಮಾರಕಗಳ ಮೇಲೆ ಅನುಮತಿ ಇಲ್ಲದೆ ಹಾರಿಸಬೇಡಿ. ಹಾರಿಸುವುದಾದರೆ ಜನವರಿಯ ಬೆಳಿಗ್ಗೆ ಏಳು–ಎಂಟರ ನಡುವೆ, ಚಿತ್ರದಿಂದ ಚಿತ್ರಕ್ಕೆ ಮುಕ್ಕಾಲು ಭಾಗ ಅತಿವ್ಯಾಪ್ತಿ ಇರುವಂತೆ. ಓಪನ್‌ಡ್ರೋನ್‌ಮ್ಯಾಪ್‌ನಲ್ಲಿ ಜೋಡಿಸಿದರೆ ಒಂದು ಗೇಣು ಏರುತಗ್ಗನ್ನೂ ತೋರಿಸುವ ಮೇಲ್ಮೈ ಮಾದರಿ ಸಿಗುತ್ತದೆ. ಅದರ ಮೇಲೆ ಬೆಳಕನ್ನು ಒಂದೇ ದಿಕ್ಕಿನಿಂದ ಬೀಳಿಸದೆ ಎಂಟು ದಿಕ್ಕಿನಿಂದ ಬೀಳಿಸಿ ನೋಡಿ. ಬೆಳಕಿಗೆ ಸಮಾನಾಂತರವಾದ ಬದು ಕಾಣದೇ ಹೋಗುತ್ತದೆ.

ಬರೆದಿಡುವುದು

ಪ್ರತಿ ಗೆರೆಗೂ ಒಂದು ಸಂಖ್ಯೆ ಕೊಡಿ. ಎದುರಿಗೆ ಯಾವ ತಾರೀಖಿನ ಚಿತ್ರಗಳಲ್ಲಿ ಕಂಡಿತು, ಯಾವುದರಲ್ಲಿ ಕಾಣಲಿಲ್ಲ, ಯಾವುದನ್ನು ಕತ್ತರಿಸಿದೆ, ಯಾವುದರಿಂದ ಕತ್ತರಿಸಿಕೊಂಡಿದೆ, ನೆಲದ ಮೇಲೆ ಏನಿದೆ, ಊರಿನವರು ಏನೆನ್ನುತ್ತಾರೆ ಎಂದು ಬರೆಯಿರಿ. ವಯಸ್ಸಿನ ಕಲಂನಲ್ಲಿ ‘ಹೊಯ್ಸಳರ ಕಾಲ’ ಎಂದು ಬರೆಯುವ ಆಸೆ ಎಲ್ಲರಿಗೂ ಬರುತ್ತದೆ. ಗೆರೆಯ ಮೇಲೆ ಕಲ್ಲು, ಕಲ್ಲಿನಲ್ಲಿ ಎಲ್ಲೆ, ಎಲ್ಲೆಯಲ್ಲಿ ಇಂದಿಗೂ ಗುರುತಿಸಬಹುದಾದ ಜಾಗ, ಈ ಮೂರೂ ಸೇರಿದಾಗ ಮಾತ್ರ ಹಾಗೆ ಬರೆಯಿರಿ. ಉಳಿದವುಗಳಿಗೆ ‘ರೈಲಿಗಿಂತ ಹಿಂದಿನದು’, ‘ನಾಲೆಗಿಂತ ಹಿಂದಿನದು’, ‘ಮೋಜಣಿಗಿಂತ ಹಿಂದಿನದು’ ಎಂದರೆ ಸಾಕು, ಅದು ಸಣ್ಣ ಮಾತಲ್ಲ. ನದಿ ಕಣಿವೆಯ ಒಂದು ಊರಿನಲ್ಲಿ ನಾನು ಎಳೆದ 61 ಗೆರೆಗಳಲ್ಲಿ ಕೊನೆಗೆ ನಾಲ್ಕು ಮಾತ್ರ ‘ಹೊಯ್ಸಳರ ಕಾಲ’ದ ಸಾಲಿನಲ್ಲಿ ನಿಂತವು.

ಬದುವಿನ ಮಣ್ಣು ಹಳೆಯದೆಂದು ಹೇಳುತ್ತಿಲ್ಲ ಎಂಬುದನ್ನೂ ಟಿಪ್ಪಣಿಯಲ್ಲಿ ಸೇರಿಸಿ. ಬದುವನ್ನು ಪ್ರತಿ ಮಳೆಗಾಲದ ಮುಂಚೆ ಸರಿಮಾಡುತ್ತಾರೆ. ಮಣ್ಣು ಹೊಸದು, ಅದು ನಿಂತ ಸಾಲು ಹಳೆಯದು.

ಮುಗಿದ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಮುದ್ರಿಸಿ, ಬಯಲುಗಳ ಹೆಸರನ್ನು ಊರಿನವರು ಹೇಳಿದಂತೆಯೇ ಬರೆದು, ಒಂದು ಪ್ರತಿಯನ್ನು ಊರಿನ ಶಾಲೆಗೆ ಕೊಡಿ. ಕಲ್ಲುಗಳ ನಿಖರ ಜಾಗವನ್ನು ಮಾತ್ರ ಆ ಪ್ರತಿಯಲ್ಲಾಗಲಿ, ಇಂಟರ್ನೆಟ್ಟಿನಲ್ಲಾಗಲಿ ಹಾಕಬೇಡಿ. ಆ ಪಟ್ಟಿ ಇಲಾಖೆಗೆ ಹೋಗಲಿ.